ಜಿಪಿಐಒ ಇಂಟರಪ್ಟ್ ಬಾರದಿದ್ದಾಗ, ಬಂದು ನಿಂತುಹೋದಾಗ: ಲಿನಕ್ಸ್ ಡ್ರೈವರ್ ಬರೆಯುವವರಿಗೆ ದೋಷ ನಿವಾರಣೆ ಕೈಪಿಡಿ

ಚಿಪ್‌ನ ಇಂಟರಪ್ಟ್ ಪಿನ್ನನ್ನು (ಪ್ರೊಸೆಸರನ್ನು ತಟ್ಟಿ ಕರೆಯುವ ಪಿನ್) ಬೋರ್ಡಿನ ಜಿಪಿಐಒಗೆ, ಅಂದರೆ ಸಾಮಾನ್ಯ ಬಳಕೆಯ ಪಿನ್ನಿಗೆ, ಸೇರಿಸಿದ್ದಾಯಿತು, ಡ್ರೈವರ್ ಬರೆದು ಮಾಡ್ಯೂಲ್ ಲೋಡ್ ಮಾಡಿದ್ದೂ ಆಯಿತು. ಆದರೆ ಇಂಟರಪ್ಟ್ ಬಂದಾಗ ಓಡಬೇಕಾದ ಫಂಕ್ಷನ್, ಅಂದರೆ ಹ್ಯಾಂಡ್ಲರ್, ಓಡುತ್ತಿಲ್ಲ. ಇಲ್ಲವೇ ಒಂದೇ ಸಮ ಓಡಿ ಇಡೀ ಬೋರ್ಡನ್ನು ತಿಣುಕಿಸುತ್ತಿದೆ. ಅದೂ ಅಲ್ಲದಿದ್ದರೆ ಅರ್ಧ ಗಂಟೆ ಚೆನ್ನಾಗಿ ನಡೆದು ಆಮೇಲೆ ಉಸಿರೇ ಇಲ್ಲ. ಇಂಥ ಹೊತ್ತಿನಲ್ಲಿ ಕೈ ತಾನಾಗಿಯೇ ಹೋಗುವುದು ಸಿ ಫೈಲಿಗೆ, ಸಾಲು ಸಾಲಿಗೂ ಪ್ರಿಂಟ್‌ಕೆ ತುರುಕುವುದಕ್ಕೆ. ಅದನ್ನು ಸ್ವಲ್ಪ ಮುಂದೂಡಿ. ಯಾರೂ ಕೇಳದಿದ್ದರೂ ಕರ್ನಲ್ ತನ್ನಷ್ಟಕ್ಕೆ ಒಂದು ಲೆಕ್ಕ ಇಟ್ಟಿರುತ್ತದೆ. ಅದನ್ನು ಓದಲು ಬಂದರೆ ದೋಷ ತಂತಿಯಲ್ಲಿದೆಯೋ, ಡಿವೈಸ್ ಟ್ರೀಯಲ್ಲಿದೆಯೋ (ಬೋರ್ಡಿನ ಜೋಡಣೆಯನ್ನು ಕರ್ನಲ್‌ಗೆ ಹೇಳುವ ವಿವರಣೆ), ಹ್ಯಾಂಡ್ಲರ್‌ನಲ್ಲಿದೆಯೋ ಎಂಬುದು ಕೋಡ್ ಮುಟ್ಟುವ ಮೊದಲೇ ಬಹುಮಟ್ಟಿಗೆ ತಿಳಿಯುತ್ತದೆ.

ಮಾತು ಗಾಳಿಯಲ್ಲಿ ಉಳಿಯಬಾರದೆಂದು ಒಂದು ನಿಜವಾದ ಜೋಡಣೆ ಇಟ್ಟುಕೊಳ್ಳೋಣ. ಬೋರ್ಡು ರಾಸ್ಪ್‌ಬೆರಿ ಪೈ 4. ಅದರ ಜಿಪಿಐಒ 17ಕ್ಕೆ ಎಂಸಿಪಿ23017 ಚಿಪ್‌ನ ಇಂಟ್ ಪಿನ್ ಸೇರಿದೆ. ಈ ಚಿಪ್ ಐ2ಸಿ ಎಂಬ ಎರಡು ತಂತಿಯ ಬಸ್ಸಿನ ಮೇಲೆ ಕೂರುವ 16 ಪಿನ್‌ಗಳ ಎಕ್ಸ್‌ಪ್ಯಾಂಡರ್. ಎ ಮತ್ತು ಬಿ ಎಂದು ಎಂಟೆಂಟು ಪಿನ್‌ಗಳ ಎರಡು ಪೋರ್ಟ್. ಯಾವುದಾದರೂ ಪಿನ್ ಬದಲಾದರೆ ಇಂಟ್ ಪಿನ್ನನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ. ಪ್ರೊಸೆಸರ್ ಬಂದು ಆ ಪೋರ್ಟಿನ ಜಿಪಿಐಒ ರಿಜಿಸ್ಟರನ್ನೋ ಇಂಟ್‌ಕ್ಯಾಪ್ ರಿಜಿಸ್ಟರನ್ನೋ ಓದುವ ತನಕ ಬಿಡುವುದಿಲ್ಲ. ಕರ್ನಲ್‌ನಲ್ಲಿ ಇದಕ್ಕೆ ಸಿದ್ಧ ಡ್ರೈವರ್ ಇದೆ, ಉತ್ಪನ್ನಕ್ಕೆ ಅದನ್ನೇ ಬಳಸಬೇಕು. ಆದರೆ ಇಂಟರಪ್ಟ್ ಕಲಿಯಲು ಇದಕ್ಕಿಂತ ಒಳ್ಳೆಯ ಚಿಪ್ ಸಿಗುವುದು ಕಷ್ಟ, ಏಕೆಂದರೆ ಡ್ರೈವರ್ ಬರೆಯುವವರನ್ನು ಬೀಳಿಸುವ ಗುಂಡಿಗಳೆಲ್ಲ ಇದರಲ್ಲೇ ಇವೆ. ಮೊದಲ ಗುಂಡಿ ವೋಲ್ಟೇಜಿನದು. ಚಿಪ್‌ಗೆ 5 ವೋಲ್ಟ್ ಕೊಟ್ಟರೆ ಇಂಟ್ ಪಿನ್ ಕೂಡ 5 ವೋಲ್ಟ್ ಹೊರಹಾಕುತ್ತದೆ. ಪೈ ಪಿನ್ ತಡೆಯುವುದು 3.3 ವೋಲ್ಟ್ ಮಾತ್ರ. ಚಿಪ್‌ಗೂ 3.3 ವೋಲ್ಟನ್ನೇ ಕೊಡಿ.

ಎಣಿಕೆ ಓದುವುದು

/ಪ್ರಾಕ್/ಇಂಟರಪ್ಟ್ಸ್ ಫೈಲನ್ನು ಸೆಕೆಂಡಿಗೊಮ್ಮೆ ತೋರಿಸುವಂತೆ ವಾಚ್ ಕಮಾಂಡಿನಲ್ಲಿ ಹಾಕಿ. ನಿಮ್ಮ ಡ್ರೈವರಿನ ಹೆಸರಿರುವ ಸಾಲಿನಲ್ಲಿ ಮೊದಲು ಐಆರ್‌ಕ್ಯೂ (ಇಂಟರಪ್ಟ್) ಸಂಖ್ಯೆ, ಆಮೇಲೆ ಒಂದೊಂದು ಸಿಪಿಯುವಿನ ಎಣಿಕೆ, ಆಮೇಲೆ ಇಂಟರಪ್ಟ್ ಕಂಟ್ರೋಲರಿನ ಹೆಸರು, ಅದರೊಳಗಿನ ಹಾರ್ಡ್‌ವೇರ್ ಸಂಖ್ಯೆ, ಎಡ್ಜ್ (ಮಟ್ಟ ಬದಲಾಗುವ ಕ್ಷಣಕ್ಕೆ ಇಂಟರಪ್ಟ್) ಅಥವಾ ಲೆವೆಲ್ (ಆ ಮಟ್ಟ ಇರುವ ತನಕ ಇಂಟರಪ್ಟ್) ಎಂಬ ಪದ, ಕೊನೆಗೆ ಹೆಸರು. ಉದಾಹರಣೆಗೆ ಸಾಲು 56ರಿಂದ ಶುರುವಾಗಿ ಮಧ್ಯದಲ್ಲಿ 17 ಇದ್ದರೆ, 56 ಕರ್ನಲ್ ಹಂಚಿದ ಸಂಖ್ಯೆ, 17 ನಿಜವಾದ ಜಿಪಿಐಒ. 56 ನಾಳೆ ಬೇರೆಯಾಗಬಹುದು. ಅದನ್ನು ಕೋಡಿನಲ್ಲಿ ಬರೆದಿಟ್ಟವರು ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಕಾಯಬೇಕಾದ್ದು ಅಷ್ಟೇ.

ಈಗ ಪಿನ್ನನ್ನು ಬೇಕೆಂದೇ ಅಲುಗಿಸಿ ಎಣಿಕೆ ನೋಡಿ. ಸಾಲೇ ಇಲ್ಲವೇ? ಸಾಲಿದ್ದು ಸೊನ್ನೆಯೇ? ಹುಚ್ಚೆದ್ದು ಏರುತ್ತಿದೆಯೇ? ಏರುತ್ತಿದ್ದದ್ದು ನಿಂತಿತೇ? ಮುಂದೆ ಹೋಗುವ ದಾರಿ ಈ ಉತ್ತರದ ಮೇಲೆ ನಿಂತಿದೆ.

ಸಾಲೇ ಇಲ್ಲ

ಡ್ರೈವರಿನ ಪ್ರೋಬ್ (ಸಾಧನ ಸಿಕ್ಕಾಗ ಕರ್ನಲ್ ಕರೆಯುವ ಫಂಕ್ಷನ್) ಇಂಟರಪ್ಟ್ ಕೇಳುವ ಹಂತಕ್ಕೆ ಬಂದಿಲ್ಲ, ಅಥವಾ ಕೇಳಿ ಇಲ್ಲ ಅನ್ನಿಸಿಕೊಂಡಿದೆ. ಕರ್ನಲ್ ಲಾಗ್‌ನಲ್ಲಿ ಎರರ್ ಸಂಖ್ಯೆ ಹುಡುಕಿ. -517 ಬಂದರೆ ಗಾಬರಿ ಬೇಡ. ಬೇಕಾದ ಜಿಪಿಐಒ ಅಥವಾ ಐ2ಸಿ ಕಂಟ್ರೋಲರ್ ಇನ್ನೂ ಎದ್ದಿಲ್ಲ, ಆಮೇಲೆ ಕರೆಯಿರಿ ಎಂದು ಅರ್ಥ. ಆ ಸಂಖ್ಯೆಯನ್ನು ಹಾಗೆಯೇ ಹಿಂದಿರುಗಿಸಬೇಕು. ಅದನ್ನು ನುಂಗಿ ಬೇರೆ ಎರರ್ ಕೊಡುವ ಡ್ರೈವರ್ ಒಮ್ಮೆ ಬೂಟ್‌ನಲ್ಲಿ ಸಿಗುತ್ತದೆ, ಇನ್ನೊಮ್ಮೆ ಸಿಗುವುದಿಲ್ಲ.

-22 ಬಂದರೆ ನೀವು ಕೇಳಿದ ರೀತಿಯೇ ತಪ್ಪು. ಇಂಟರಪ್ಟ್‌ಗೆ ಎರಡು ಹ್ಯಾಂಡ್ಲರ್ ಇರಬಹುದು: ತಕ್ಷಣ ಓಡುವ, ನಿದ್ದೆ (ಸಿಪಿಯು ಬಿಟ್ಟು ಕಾಯುವುದು) ಮಾಡಬಾರದ ಹಾರ್ಡ್ ಹ್ಯಾಂಡ್ಲರ್ ಮೊದಲನೆಯದು, ಆಮೇಲೆ ಓಡುವ, ನಿದ್ದೆ ಮಾಡಬಲ್ಲ ಥ್ರೆಡ್ ಎರಡನೆಯದು. ರಿಕ್ವೆಸ್ಟ್_ಥ್ರೆಡೆಡ್_ಐಆರ್‌ಕ್ಯೂಗೆ ಮೊದಲ ಹ್ಯಾಂಡ್ಲರ್ ಜಾಗದಲ್ಲಿ ನಲ್ ಕೊಟ್ಟು ಐಆರ್‌ಕ್ಯೂಎಫ್_ಒನ್‌ಶಾಟ್ ಫ್ಲ್ಯಾಗ್ ಮರೆತಿರುವುದು ಅತಿ ಸಾಮಾನ್ಯ ಕಾರಣ. ಕರ್ನಲ್ ಇದನ್ನು ಕಾರಣವಿಲ್ಲದೆ ನಿರಾಕರಿಸುವುದಿಲ್ಲ. ಒನ್‌ಶಾಟ್ ಇಲ್ಲದಿದ್ದರೆ ಥ್ರೆಡ್ ಎದ್ದು ಕೆಲಸ ಮುಗಿಸುವ ಮೊದಲೇ ಇಂಟರಪ್ಟ್ ಮತ್ತೆ ತೆರೆದುಕೊಳ್ಳುತ್ತದೆ. ಪಿನ್ ಇನ್ನೂ ಕೆಳಗೇ ಇದ್ದರೆ ಥ್ರೆಡ್‌ಗೆ ಸಿಪಿಯು ಸಿಗುವುದೇ ಇಲ್ಲ. -22ಕ್ಕೆ ಇನ್ನೊಂದು ಮೂಲವೂ ಇದೆ. ನಿಮ್ಮ ಡ್ರೈವರ್ ಎಂಸಿಪಿ23017ಕ್ಕೆ ಸೇರಿದ್ದಲ್ಲ, ಅದರ ಒಂದು ಪಿನ್ನಿನಿಂದ ಇಂಟರಪ್ಟ್ ಪಡೆಯುವ ಬೇರೊಂದು ಸಾಧನದ್ದು ಅಂದುಕೊಳ್ಳಿ. ಆ ಪಿನ್ನಿನ ಸುದ್ದಿ ತಿಳಿಯಲು ಐ2ಸಿ ಓದಬೇಕು, ಐ2ಸಿ ಓದಲು ನಿದ್ದೆ ಮಾಡಲು ಅನುಮತಿ ಬೇಕು, ಹಾಗಾಗಿ ಇಂಥ ಇಂಟರಪ್ಟ್ ಥ್ರೆಡ್‌ನಲ್ಲೇ ಹುಟ್ಟುತ್ತದೆ. ಬರೀ ರಿಕ್ವೆಸ್ಟ್_ಐಆರ್‌ಕ್ಯೂ ಅಲ್ಲಿ ನಡೆಯದು. ಥ್ರೆಡೆಡ್ ರೂಪ ಅಥವಾ ರಿಕ್ವೆಸ್ಟ್_ಎನಿ_ಕಾಂಟೆಕ್ಸ್ಟ್_ಐಆರ್‌ಕ್ಯೂ ಬಳಸಿ.

-16 ಎಂದರೆ ಬೇರೆಯವರು ಹಿಡಿದಿದ್ದಾರೆ. ಲಾಗ್‌ನಲ್ಲಿ ಫ್ಲ್ಯಾಗ್ಸ್ ಮಿಸ್‌ಮ್ಯಾಚ್ ಎಂಬ ಸಾಲಿದ್ದರೆ ಆ ಇನ್ನೊಬ್ಬರ ಹೆಸರೂ ಅಲ್ಲೇ ಇರುತ್ತದೆ. ಹಂಚಿಕೊಳ್ಳಬೇಕಾದರೆ ಇಬ್ಬರೂ ಐಆರ್‌ಕ್ಯೂಎಫ್_ಶೇರ್ಡ್ ಹಾಕಬೇಕು, ಇಬ್ಬರ ಟ್ರಿಗರ್ ಒಂದೇ ಇರಬೇಕು.

ಈಚಿನ ವರ್ಷಗಳಲ್ಲಿ ಬಹಳ ಜನರನ್ನು ಕಾಡಿದ ಒಂದು ಕಾರಣ ಬೇರೆಯೇ. ಹಳೆಯ ಪಾಠಗಳಲ್ಲೆಲ್ಲ ಜಿಪಿಐಒ_ಟು_ಐಆರ್‌ಕ್ಯೂಗೆ ನೇರವಾಗಿ 17 ಎಂದು ಕೊಟ್ಟಿರುತ್ತಾರೆ. ಲಿನಕ್ಸ್ 6.2ರಿಂದ ತಾನಾಗಿ ಹಂಚುವ ಜಿಪಿಐಒ ಸಂಖ್ಯೆಗಳು 512ರಿಂದ ಶುರುವಾಗುತ್ತವೆ. 6.6 ಕರ್ನಲ್ ಬಂದ ಮೇಲೆ ರಾಸ್ಪ್‌ಬೆರಿ ಪೈ 4ರಲ್ಲಿ ಹಳೆಯ 17 ಈಗ 529. ಹಳೆಯ ಡ್ರೈವರ್ ಕಂಪೈಲ್ ಆಗುತ್ತದೆ, ಲೋಡ್ ಮಾಡುವಾಗ ಮಾತ್ರ ಕೈ ಎತ್ತುತ್ತದೆ. 17 ಅಳಿಸಿ 529 ಬರೆದರೆ ಇವತ್ತಿನ ಮಟ್ಟಿಗೆ ನಡೆದೀತು, ಆದರೆ ಅದು ರಿಪೇರಿಯಲ್ಲ. ಪಿನ್ನನ್ನು ಡಿವೈಸ್ ಟ್ರೀಯಲ್ಲಿ ಹೇಳಿ. ಐ2ಸಿ ಸಾಧನವಾದರೆ ಕ್ಲೈಂಟ್ ರಚನೆಯೊಳಗಿನ ಐಆರ್‌ಕ್ಯೂ ತಾನಾಗಿ ತುಂಬಿಕೊಂಡು ಬರುತ್ತದೆ, ಇಲ್ಲವಾದರೆ ಜಿಪಿಐಒಡಿ_ಗೆಟ್ ಮಾಡಿ ಜಿಪಿಐಒಡಿ_ಟು_ಐಆರ್‌ಕ್ಯೂ ಕರೆಯಿರಿ.

ಸಾಲಿದೆ, ಎಣಿಕೆ ಸೊನ್ನೆ

ಇಲ್ಲಿ ಮೊದಲ ಕೆಲಸ ಮಲ್ಟಿಮೀಟರಿನದು. ಸುಮ್ಮನಿರುವಾಗ ಜಿಪಿಐಒ 17ರಲ್ಲಿ 3.3 ವೋಲ್ಟ್ ಇರಬೇಕು. ಇಲ್ಲದಿದ್ದರೆ ಕೆಳಗಿಳಿಯುವ ಎಡ್ಜ್ ಬರುವುದಾದರೂ ಎಲ್ಲಿಂದ? ಪೈ ಪವರ್ ಹಾಕಿದಾಗ ಜಿಪಿಐಒ 0ಯಿಂದ 8ರವರೆಗೆ ಒಳಗಿನ ಪುಲ್-ಅಪ್ (ಪಿನ್ನನ್ನು ಮೇಲಕ್ಕೆ ಎಳೆದಿಡುವ ರೆಸಿಸ್ಟರ್), 9ರಿಂದ 27ರವರೆಗೆ ಪುಲ್-ಡೌನ್ (ಕೆಳಕ್ಕೆ ಎಳೆಯುವುದು) ಇರುತ್ತದೆ. 17 ಎರಡನೆಯ ಗುಂಪಿನದು. ಎಂಸಿಪಿ23017ದ ಇಂಟ್ ಪಿನ್ ಮಾಮೂಲಿಯಾಗಿ ತಾನೇ ಮೇಲೆ ಕೆಳಗೆ ಎರಡೂ ಕಡೆ ತಳ್ಳುತ್ತದೆ, ಆದರೆ ಓಪನ್-ಡ್ರೇನ್ ಆಗಿ ಹೊಂದಿಸಿದರೆ ಕೆಳಗೆಳೆಯಲು ಮಾತ್ರ ಬರುತ್ತದೆ. ಹೊರಗೊಂದು ಪುಲ್-ಅಪ್ ಇಲ್ಲದಿದ್ದರೆ ಪಿನ್ ಸದಾ ಸೊನ್ನೆಯಲ್ಲೇ ಮಲಗಿರುತ್ತದೆ. 10 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಮುಗಿಯಿತು, ಅಥವಾ ಡಿವೈಸ್ ಟ್ರೀಯ ಪಿನ್‌ಕಂಟ್ರೋಲ್ ಭಾಗದಲ್ಲಿ ಪುಲ್-ಅಪ್ ಕೇಳಿ. ಒಳಗಿನದು ಸುಮಾರು 50 ಕಿಲೋ ಓಮ್‌ನ ದುರ್ಬಲ ಎಳೆತ. ಉದ್ದ ತಂತಿಗೆ ಅದನ್ನು ನಂಬಬೇಡಿ.

ವೋಲ್ಟೇಜ್ ಸರಿಯಿದ್ದರೆ ಡ್ರೈವರನ್ನು ತೆಗೆದುಹಾಕಿ, ಅದೇ ಪಿನ್ನನ್ನು ಜಿಪಿಐಒಮಾನ್ ಕಮಾಂಡಿನಿಂದ ನೋಡಿ. ಅದು ಸೇರಿರುವ ಲಿಬ್‌ಜಿಪಿಐಒಡಿಯ ಆವೃತ್ತಿ 2ರಲ್ಲಿ ಚಿಪ್‌ನ ಹೆಸರನ್ನು ಸಿ ಆಯ್ಕೆಯ ಜೊತೆ ಕೊಡಬೇಕು, ಹಳೆಯ ಆವೃತ್ತಿಯಲ್ಲಿ ಸಿ ಇಲ್ಲದೆ ಬರೀ ಹೆಸರು. ಈ ಒಂದು ಪರೀಕ್ಷೆ ಸಮಸ್ಯೆಯನ್ನು ಎರಡಾಗಿ ಸೀಳುತ್ತದೆ. ಜಿಪಿಐಒಮಾನ್‌ಗೆ ಎಡ್ಜ್ ಕಂಡರೆ ತಂತಿ, ಪಿನ್, ಇಂಟರಪ್ಟ್ ಕಂಟ್ರೋಲರ್ ಮೂರೂ ಸರಿ, ತಪ್ಪು ನಿಮ್ಮ ಡ್ರೈವರ್ ಅಥವಾ ಡಿವೈಸ್ ಟ್ರೀಯದು. ಕಾಣದಿದ್ದರೆ ಕೋಡ್ ಓದುತ್ತ ಕೂರುವುದು ವ್ಯರ್ಥ.

ಕಾಣದಿದ್ದಾಗ ಪಿನ್ ಬೇರೆ ಕೆಲಸಕ್ಕೆ ಹೋಗಿದೆಯೇ ನೋಡಿ. ಪೈಯಲ್ಲಿ ಪಿನ್‌ಕಂಟ್ರೋಲ್ ಗೆಟ್ 17 ಎಂದರೆ ಪಿನ್ನಿನ ಈಗಿನ ಪಾತ್ರ, ಪುಲ್, ಮಟ್ಟ ಎಲ್ಲ ಒಂದೇ ಸಾಲಿನಲ್ಲಿ ಬರುತ್ತದೆ. ಇನ್‌ಪುಟ್ ಎಂದಿಲ್ಲದಿದ್ದರೆ ಕಾನ್ಫಿಗ್ ಫೈಲಿನ ಓವರ್‌ಲೇಗಳನ್ನು (ಡಿವೈಸ್ ಟ್ರೀಗೆ ಸೇರಿಸುವ ತುಣುಕುಗಳು) ಒಂದೊಂದಾಗಿ ಓದಿ. ಎರಡು ಚಿಪ್ ಸೆಲೆಕ್ಟ್ ಇರುವ ಎಸ್‌ಪಿಐ1 (ಇನ್ನೊಂದು ಬಗೆಯ ಬಸ್) ಓವರ್‌ಲೇ ಜಿಪಿಐಒ 17ನ್ನೇ ತೆಗೆದುಕೊಳ್ಳುತ್ತದೆ; ಎಂದೋ ಒಂದು ಡಿಸ್ಪ್ಲೇಗಾಗಿ ಹಾಕಿ ಮರೆತ ಸಾಲು ಇಂದು ಇಂಟರಪ್ಟ್ ನುಂಗಿ ಕೂತಿರುತ್ತದೆ.

ಜಿಪಿಐಒಮಾನ್‌ಗೆ ಕಂಡು ಡ್ರೈವರಿಗೆ ಕಾಣದಿದ್ದರೆ ಟ್ರಿಗರಿನ ದಿಕ್ಕು ಅನುಮಾನಿಸಿ. /ಪ್ರಾಕ್/ಇಂಟರಪ್ಟ್ಸ್ ಬರೀ ಎಡ್ಜ್ ಎನ್ನುತ್ತದೆ. ಏರುವುದೋ ಇಳಿಯುವುದೋ ಹೇಳುವುದಿಲ್ಲ. ಕರ್ನಲ್‌ನಲ್ಲಿ ಇಂಟರಪ್ಟ್ ಡೀಬಗ್ ಆಯ್ಕೆ ಇದ್ದರೆ ಡೀಬಗ್‌ಎಫ್‌ಎಸ್‌ನ (ಕರ್ನಲ್‌ನ ಒಳಸ್ಥಿತಿ ತೋರಿಸುವ ಫೈಲುಗಳ ಜಾಗ) ಐಆರ್‌ಕ್ಯೂ ಫೋಲ್ಡರಿನಲ್ಲಿ 56 ಎಂಬ ಫೈಲು ದಿಕ್ಕನ್ನೂ ತೋರಿಸುತ್ತದೆ. ಡಿವೈಸ್ ಟ್ರೀಯಲ್ಲಿ ಏರುವ ಎಡ್ಜ್‌ಗೆ 1, ಇಳಿಯುವುದಕ್ಕೆ 2, ಮೇಲಿನ ಲೆವೆಲ್‌ಗೆ 4, ಕೆಳಗಿನದಕ್ಕೆ 8. ನೀವು ಅಲ್ಲಿ 8 ಬರೆದು, ಡ್ರೈವರಿನ ಫ್ಲ್ಯಾಗ್‌ನಲ್ಲಿ ಎಡ್ಜ್ ಎಂದು ಕೆತ್ತಿಟ್ಟಿದ್ದರೆ ಗೆಲ್ಲುವುದು ಡ್ರೈವರಿನ ಮಾತು. ಟ್ರಿಗರ್ ಬೋರ್ಡಿನ ಗುಣ, ಡ್ರೈವರಿನದಲ್ಲ. ಫ್ಲ್ಯಾಗ್‌ನಲ್ಲಿ ಟ್ರಿಗರ್ ಕೊಡಲೇಬೇಡಿ, ಡಿವೈಸ್ ಟ್ರೀಯದೇ ಉಳಿಯುತ್ತದೆ. ಇನ್ನೊಂದು ತಿರುವು: ಜಿಪಿಐಒಗೆ ಆಕ್ಟಿವ್-ಲೋ (ಕೆಳಗಿದ್ದಾಗಲೇ ಆನ್) ಎಂದು ಹೇಳಿದರೆ ಓದುವ ಬೆಲೆ ತಿರುಗುಮುರುಗಾಗುತ್ತದೆ, ಜಿಪಿಐಒಡಿ_ಟು_ಐಆರ್‌ಕ್ಯೂ ಕೊಟ್ಟ ಇಂಟರಪ್ಟಿನ ದಿಕ್ಕು ಮಾತ್ರ ಹಾಗೇ ಇರುತ್ತದೆ. ತರ್ಕದಲ್ಲಿ ಏರಿಕೆ ಕಂಡದ್ದು ತಂತಿಯಲ್ಲಿ ಇಳಿತ. ಜಿಪಿಐಒಮಾನ್ ಆಕ್ಟಿವ್-ಲೋ ಆಯ್ಕೆ ಕೊಟ್ಟಾಗ ದಿಕ್ಕನ್ನೂ ತಿರುಗಿಸುತ್ತದೆ, ಹಾಗಾಗಿ ಎರಡರ ಉತ್ತರ ಹೋಲಿಸುವಾಗ ಎಚ್ಚರ.

ಎಣಿಕೆ ಹುಚ್ಚೆದ್ದಿದೆ

ಎಷ್ಟು ವೇಗವಾಗಿ ಏರುತ್ತಿದೆ ಎಂಬುದೇ ಸುಳಿವು. ಸೆಕೆಂಡಿಗೆ 50ರ ಸುತ್ತ, ಎರಡೂ ಎಡ್ಜ್ ಕೇಳಿದ್ದರೆ 100ರ ಸುತ್ತ ಏರುತ್ತಿದ್ದರೆ ಪಿನ್ ಯಾವುದಕ್ಕೂ ಅಂಟಿಕೊಳ್ಳದೆ ತೇಲುತ್ತಿದೆ, ಮನೆಯ ಕರೆಂಟಿನ 50 ಹರ್ಟ್ಸ್ ಹಿಡಿದುಕೊಳ್ಳುತ್ತಿದೆ. ತಂತಿಯ ಹತ್ತಿರ ಕೈ ತಂದಾಗ ಎಣಿಕೆ ಬದಲಾದರೆ ಅನುಮಾನವೇ ಬೇಡ. ಬಟನ್ ಒಮ್ಮೆ ಒತ್ತಿದರೆ ಹತ್ತಿಪ್ಪತ್ತು ಸಲ ಬಂದರೆ ಸ್ವಿಚ್ ಕುಣಿತ. ಕರ್ನಲ್‌ನ ಜಿಪಿಐಒ-ಕೀಸ್ ಡ್ರೈವರ್ ಇದಕ್ಕಾಗಿಯೇ 5 ಮಿಲಿಸೆಕೆಂಡ್ ಕಾಯುವುದನ್ನು ಮಾಮೂಲಿಯಾಗಿಸಿಕೊಂಡಿದೆ. ಬಟನ್‌ಗಾಗಿ ಸ್ವಂತ ಡ್ರೈವರ್ ಬರೆಯುವ ಅಗತ್ಯವೇ ಇಲ್ಲ, ಅದನ್ನೇ ಬಳಸಿ.

ಸೆಕೆಂಡಿಗೆ ಸಾವಿರಗಟ್ಟಲೆ ಏರುತ್ತಿದ್ದರೆ ಅದು ಲೆವೆಲ್ ಇಂಟರಪ್ಟ್, ನಿಮ್ಮ ಹ್ಯಾಂಡ್ಲರ್ ಚಿಪ್‌ನ ಬಾಯಿ ಮುಚ್ಚಿಸುತ್ತಿಲ್ಲ. ಹ್ಯಾಂಡ್ಲರ್ ಪ್ರತಿ ಸಲವೂ ಐಆರ್‌ಕ್ಯೂ_ನನ್ ಎಂದು ಹಿಂದಿರುಗಿದರೆ ಕರ್ನಲ್ ಲೆಕ್ಕ ಹಾಕುತ್ತದೆ. 1,00,000 ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಹೆಚ್ಚನ್ನು ಯಾರೂ ತಮ್ಮದೆನ್ನದಿದ್ದರೆ ‘ನೋಬಡಿ ಕೇರ್ಡ್’ ಎಂದು ಲಾಗ್‌ನಲ್ಲಿ ಬರೆದು ಆ ಲೈನನ್ನೇ ಮುಚ್ಚುತ್ತದೆ. ಈ ಸಂದೇಶ ಕಂಡವರು ಮಾಡುವ ಕೆಟ್ಟ ರಿಪೇರಿ ಒಂದಿದೆ: ಯೋಚಿಸದೆ ಎಲ್ಲ ಸಲವೂ ಐಆರ್‌ಕ್ಯೂ_ಹ್ಯಾಂಡಲ್ಡ್ ಹಿಂದಿರುಗಿಸುವುದು. ಸಂದೇಶ ಹೋಗುತ್ತದೆ, ಅದರ ಜೊತೆ ಕರ್ನಲ್‌ನ ಕಾವಲೂ ಹೋಗುತ್ತದೆ, ಒಂದು ಸಿಪಿಯು ಪೂರ್ತಿ ಅಲ್ಲೇ ಸುತ್ತುತ್ತಿರುತ್ತದೆ. ಚಿಪ್‌ನ ಸ್ಟೇಟಸ್ ಓದಿ, ಇಂಟರಪ್ಟ್ ನಿಮ್ಮದಾಗಿದ್ದರೆ ಮಾತ್ರ ಹ್ಯಾಂಡಲ್ಡ್ ಎನ್ನಿ. /ಪ್ರಾಕ್/ಐಆರ್‌ಕ್ಯೂ/56/ಸ್ಪ್ಯೂರಿಯಸ್ ಫೈಲಿನಲ್ಲಿ ಅನಾಥ ಇಂಟರಪ್ಟ್‌ಗಳ ಲೆಕ್ಕ ಯಾವಾಗ ಬೇಕಾದರೂ ಸಿಗುತ್ತದೆ.

ಚೆನ್ನಾಗಿತ್ತು, ಆಮೇಲೆ ನಿಂತಿತು

ಜಿಪಿಐಒ ಇಂಟರಪ್ಟ್‌ನಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವ ದೋಷ ಇದು. ಮೇಜಿನ ಮೇಲೆ ಇಟ್ಟು ಪರೀಕ್ಷಿಸಿದರೆ ಬರುವುದಿಲ್ಲ, ಸಾಧನ ಕೆಲಸಕ್ಕೆ ಹೋದ ಮೇಲೆ ಬರುತ್ತದೆ. ಮಾಡ್ಯೂಲ್ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆ, ಅದರಿಂದಾಗಿ ಕಾರಣ ಹುಡುಕುವ ಉತ್ಸಾಹವೂ ಹೋಗುತ್ತದೆ.

ನಿಂತಾಗ ಏನನ್ನೂ ರೀಸೆಟ್ ಮಾಡದೆ ಮೊದಲು ಪಿನ್ನಿನ ವೋಲ್ಟೇಜ್ ಅಳೆಯಿರಿ. ಪಿನ್ ಕೆಳಗೇ ಅಂಟಿಕೊಂಡಿದ್ದು, /ಪ್ರಾಕ್/ಇಂಟರಪ್ಟ್ಸ್‌ನಲ್ಲಿ ಎಡ್ಜ್ ಎಂದಿದ್ದರೆ ಕಥೆ ಬಹುತೇಕ ಹೀಗಿರುತ್ತದೆ.

ಎಂಸಿಪಿ23017ದಲ್ಲಿ ಮಿರರ್ ಎಂಬ ಆಯ್ಕೆ ಹಾಕಿದರೆ ಎ, ಬಿ ಎರಡೂ ಪೋರ್ಟ್‌ಗಳ ಇಂಟರಪ್ಟ್ ಒಂದೇ ಪಿನ್ನಿಗೆ ಬರುತ್ತದೆ. ತಂತಿ ಉಳಿಯುತ್ತದೆಂದು ಎಲ್ಲರೂ ಹಾಕುತ್ತಾರೆ. ಆದರೆ ಎ ಪೋರ್ಟಿನ ಇಂಟರಪ್ಟ್ ತೀರಲು ಎ ರಿಜಿಸ್ಟರನ್ನೇ ಓದಬೇಕು, ಬಿಯದಕ್ಕೆ ಬಿಯನ್ನೇ. ಹ್ಯಾಂಡ್ಲರ್ ಎ ಮಾತ್ರ ಓದುವಂತಿದ್ದರೆ ಬಿಯಲ್ಲಿ ಮೊದಲ ಬದಲಾವಣೆ ಬಂದ ಕ್ಷಣವೇ ಎಲ್ಲ ನಿಂತುಹೋಗುತ್ತದೆ. ಇದು ಬೇಗ ಸಿಕ್ಕಿಬೀಳುವ ತಪ್ಪು. ಎರಡನ್ನೂ ಓದುವ ಹ್ಯಾಂಡ್ಲರ್ ಕೂಡ ಅಪರೂಪಕ್ಕೆ ನಿಲ್ಲುತ್ತದೆ. ಎ, ಬಿ ಎರಡರಲ್ಲೂ ಬದಲಾವಣೆ ಇದೆ, ಪಿನ್ ಕೆಳಗಿದೆ. ಹ್ಯಾಂಡ್ಲರ್ ಎ ಓದಿತು, ಎ ತೀರಿತು, ಬಿ ಇನ್ನೂ ಇರುವುದರಿಂದ ಪಿನ್ ಕೆಳಗೇ ಇದೆ. ಅಷ್ಟರಲ್ಲಿ ಎಯಲ್ಲಿ ಹೊಸ ಬದಲಾವಣೆ ಬಂತು. ಹ್ಯಾಂಡ್ಲರ್ ಬಿ ಓದಿತು, ಬಿ ತೀರಿತು, ಈಗ ಹೊಸ ಎ ಪಿನ್ನನ್ನು ಹಿಡಿದಿದೆ. ಹ್ಯಾಂಡ್ಲರ್ ಮುಗಿಯಿತು. ಈ ಎಲ್ಲ ಹೊತ್ತಿನಲ್ಲಿ ಪಿನ್ ಒಮ್ಮೆಯೂ ಮೇಲೇಳಲಿಲ್ಲ. ಮೇಲೇಳದ ಪಿನ್ ಮತ್ತೆ ಇಳಿಯಲಾರದು, ಇಳಿಯದಿದ್ದರೆ ಎಡ್ಜ್ ಇಲ್ಲ, ಎಡ್ಜ್ ಇಲ್ಲದಿದ್ದರೆ ಹ್ಯಾಂಡ್ಲರ್ ಇಲ್ಲ, ಹ್ಯಾಂಡ್ಲರ್ ಬಾರದೆ ಎ ತೀರುವುದಿಲ್ಲ. 100 ಕಿಲೋಹರ್ಟ್ಸ್ ಐ2ಸಿಯಲ್ಲಿ ಒಂದು ಬೈಟ್ ದಾಟಲು 90 ಮೈಕ್ರೋಸೆಕೆಂಡ್ ಬೇಕು. ಎ ಮತ್ತು ಬಿ ಓದುಗಳ ನಡುವಿನ ಕಿಂಡಿ ಕಡಿಮೆಯೆಂದರೂ ಅಷ್ಟು. ಬೆರಳಿನಿಂದ ಒತ್ತುವ ಬಟನ್‌ಗೆ ಅದು ಸಣ್ಣದು. ಎನ್‌ಕೋಡರ್ (ತಿರುಗುವಿಕೆಯನ್ನು ಪಲ್ಸ್‌ಗಳಾಗಿಸುವ ಸಾಧನ) ತಿರುಗುತ್ತಿದ್ದರೆ ಸಾಕಷ್ಟು ದೊಡ್ಡದು.

ಇದನ್ನು ಸಾಬೀತು ಮಾಡುವುದೂ ಸುಲಭ. ನಿಂತ ಸ್ಥಿತಿಯಲ್ಲೇ ಐ2ಸಿಗೆಟ್ ಕಮಾಂಡಿನಿಂದ ಹೆಕ್ಸ್ 20 ವಿಳಾಸದ ಚಿಪ್‌ನ ಹೆಕ್ಸ್ 12 ರಿಜಿಸ್ಟರ್ ಓದಿ, ಆಮೇಲೆ 13. ಡ್ರೈವರ್ ಹಿಡಿದಿರುವ ಕಾರಣ ಬಲವಂತದ ಎಫ್ ಆಯ್ಕೆ ಬೇಕು. ಕೈಯಾರೆ ಓದಿದ ಕೂಡಲೇ ಪಿನ್ ಮೇಲೆದ್ದು, ಮುಂದಿನ ಬದಲಾವಣೆಗೆ ಎಣಿಕೆ ಮತ್ತೆ ಏರಿದರೆ ಕಾರಣ ಸಿಕ್ಕಂತೆಯೇ. ಓದುವುದೇ ಇಂಟರಪ್ಟ್ ಅಳಿಸುವುದರಿಂದ ವೋಲ್ಟೇಜ್ ಅಳೆಯುವ ಮೊದಲು ಇದನ್ನು ಮಾಡಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವಂಥ ಎಂಟು ಚಾನೆಲ್‌ನ ಅಗ್ಗದ ಲಾಜಿಕ್ ಅನಲೈಸರ್ ಇದ್ದರೆ ಇಂಟ್ ಪಿನ್ನಿಗೊಂದು, ಐ2ಸಿಯ ಎರಡು ತಂತಿಗೆ ಎರಡು ಚಾನೆಲ್ ಹಾಕಿ ಪಲ್ಸ್‌ವ್ಯೂ ತಂತ್ರಾಂಶದಲ್ಲಿ ಇಡೀ ಪ್ರಸಂಗ ನೋಡಬಹುದು.

ಹ್ಯಾಂಡ್ಲರ್ ನಿಧಾನವಾಯಿತು, ಅದಕ್ಕೇ ಎಡ್ಜ್ ತಪ್ಪಿತು ಎಂಬ ವಿವರಣೆ ಈ ದೋಷಕ್ಕೆ ಬೇಗ ಅಂಟಿಕೊಳ್ಳುತ್ತದೆ. ಹಾಗಲ್ಲ. ಹ್ಯಾಂಡ್ಲರ್ ಓಡುತ್ತಿರುವಾಗ ಬಂದ ಎಡ್ಜ್ ಅನ್ನು ಜಿಪಿಐಒ ಕಂಟ್ರೋಲರ್ ಗುರುತು ಹಾಕಿಟ್ಟು ಆಮೇಲೆ ಕೊಡುತ್ತದೆ. ನಾಲ್ಕು ಬಂದರೆ ಒಂದಾಗಬಹುದು, ಸೊನ್ನೆಯಾಗುವುದಿಲ್ಲ. ಇಲ್ಲಿ ಎಡ್ಜ್ ಹುಟ್ಟಲೇ ಇಲ್ಲ. ಹಾಗಾಗಿ ಹ್ಯಾಂಡ್ಲರನ್ನು ವೇಗ ಮಾಡುವುದು ದೋಷವನ್ನು ಅಪರೂಪ ಮಾಡುತ್ತದೆ ಅಷ್ಟೇ, ಅಪರೂಪವಾದಷ್ಟೂ ಹಿಡಿಯುವುದು ಕಷ್ಟ.

ಎಡ್ಜ್ ಎಂದರೆ ಬಾಗಿಲು ಬಡಿದ ಸದ್ದು, ಲೆವೆಲ್ ಎಂದರೆ ಬಾಗಿಲಲ್ಲೇ ನಿಂತ ನೆಂಟ. ಓದುವ ತನಕ ಪಿನ್ ಹಿಡಿದೇ ಇರುವ ಚಿಪ್‌ಗಳಿಗೆ ಲೆವೆಲ್ಲೇ ಸರಿ: ಡಿವೈಸ್ ಟ್ರೀಯಲ್ಲಿ 8, ಡ್ರೈವರಿನಲ್ಲಿ ಥ್ರೆಡ್ ಮತ್ತು ಒನ್‌ಶಾಟ್. ಥ್ರೆಡ್ ಮುಗಿದು ಇಂಟರಪ್ಟ್ ತೆರೆದಾಗ ಪಿನ್ ಇನ್ನೂ ಕೆಳಗಿದ್ದರೆ ಮತ್ತೆ ಬರುತ್ತದೆ, ಮೇಲಿನ ಕಥೆ ನಡೆಯಲು ಜಾಗವೇ ಇಲ್ಲ. ಪ್ರೋಬ್ ಆಗುವ ಮೊದಲೇ ಚಿಪ್ ಪಿನ್ ಎಳೆದಿದ್ದರೆ ಅದೂ ಸಿಗುತ್ತದೆ. ಕಂಟ್ರೋಲರಿಗೆ ಲೆವೆಲ್ ಗೊತ್ತಿಲ್ಲದಿದ್ದರೆ ಮಾತ್ರ ಎಡ್ಜ್ ಇಟ್ಟುಕೊಂಡು, ಹ್ಯಾಂಡ್ಲರ್‌ನೊಳಗೆ ಪಿನ್ ಮೇಲೇಳುವ ತನಕ ಎರಡೂ ಪೋರ್ಟ್ ಓದುತ್ತ ಸುತ್ತಬೇಕು, ಇಂಟರಪ್ಟ್ ಪಡೆದ ಕೂಡಲೇ ಒಮ್ಮೆ ತಾನಾಗಿ ಓದಬೇಕು. ಸುತ್ತಿಗೆ ಒಂದು ಮಿತಿ ಇಡಿ, ಪಿನ್ ನೆಲಕ್ಕೆ ಶಾರ್ಟ್ ಆಗಿದ್ದರೆ ಕೊನೆಯೇ ಇರುವುದಿಲ್ಲ.

ನಿಂತಾಗ ಪಿನ್ ಮೇಲಿದ್ದರೆ, ಅಥವಾ ಲೆವೆಲ್ ಆಗಿದ್ದೂ ನಿಂತರೆ, ಕಾರಣ ಕರ್ನಲ್ ಒಳಗಿದೆ. ಡೀಬಗ್‌ಎಫ್‌ಎಸ್‌ನ 56 ಫೈಲಿನಲ್ಲಿ ಡಿಡೆಪ್ತ್ (ಇನ್ನೂ ತೆರೆಯದ ಡಿಸೇಬಲ್‌ಗಳ ಲೆಕ್ಕ) ಸೊನ್ನೆಗಿಂತ ಹೆಚ್ಚಿದ್ದರೆ ಯಾರೋ ಡಿಸೇಬಲ್_ಐಆರ್‌ಕ್ಯೂ ಕರೆದು ಎನೇಬಲ್ ಮರೆತಿದ್ದಾರೆ. ಎರರ್ ಆದಾಗ ಅರ್ಧದಲ್ಲೇ ಹಿಂದಿರುಗುವ ದಾರಿಗಳನ್ನು ಹುಡುಕಿ. ಪಿಎಸ್ ಪಟ್ಟಿಯಲ್ಲಿ ಐಆರ್‌ಕ್ಯೂ/56 ಎಂದು ಶುರುವಾಗುವ ಥ್ರೆಡ್ ಡಿ ಸ್ಥಿತಿಯಲ್ಲಿ (ಎಬ್ಬಿಸಲಾಗದ ನಿದ್ದೆ) ಕೂತಿದ್ದರೆ ಅದು ಮ್ಯೂಟೆಕ್ಸ್ ಎಂಬ ಬೀಗಕ್ಕೋ ಐ2ಸಿಗೋ ಕಾಯುತ್ತಿದೆ. ಒನ್‌ಶಾಟ್ ಇರುವುದರಿಂದ ಅದು ಮರಳುವ ತನಕ ಇಂಟರಪ್ಟ್ ಮುಚ್ಚಿಯೇ ಇರುತ್ತದೆ. ಆ ಥ್ರೆಡ್‌ನ ಸ್ಟ್ಯಾಕ್ ಫೈಲು ಎಲ್ಲಿ ಸಿಕ್ಕಿದೆ ಎಂದು ಹೇಳುತ್ತದೆ.

ಎಣಿಕೆ ಸರಿ, ಕರ್ನಲ್ ಗೊಣಗುತ್ತಿದೆ

ಷೆಡ್ಯೂಲಿಂಗ್ ವೈಲ್ ಅಟಾಮಿಕ್ ಎಂಬ ಬಗ್ ಬಂದರೆ ಹಾರ್ಡ್ ಹ್ಯಾಂಡ್ಲರ್‌ನಲ್ಲಿ ನಿದ್ದೆ ಮಾಡುವ ಕೆಲಸ ನಡೆದಿದೆ: ಐ2ಸಿ ಓದು, ಮ್ಯೂಟೆಕ್ಸ್, ಎಂಸ್ಲೀಪ್. ಎಲ್ಲವನ್ನೂ ಥ್ರೆಡ್‌ಗೆ ಸರಿಸಿ. ಬೋರ್ಡು ಪೂರ್ತಿ ಹೆಪ್ಪುಗಟ್ಟಿದರೆ ಎರಡು ಜಾಗ ನೋಡಿ. ಹಾರ್ಡ್ ಹ್ಯಾಂಡ್ಲರ್ ಹಿಡಿಯುವ ಸ್ಪಿನ್‌ಲಾಕನ್ನು ಬೇರೆ ಕಡೆ ಐಆರ್‌ಕ್ಯೂಸೇವ್ (ಇಂಟರಪ್ಟ್ ಮುಚ್ಚಿ ಬೀಗ ಹಿಡಿಯುವ ರೂಪ) ಇಲ್ಲದೆ ಹಿಡಿದಿರಬಹುದು. ಲಾಕ್‌ಡೆಪ್ (ಬೀಗಗಳ ತಪ್ಪು ಹಿಡಿಯುವ ಆಯ್ಕೆ) ಹಾಕಿದ ಕರ್ನಲ್ ಇದನ್ನು ಹೆಪ್ಪುಗಟ್ಟುವ ಮೊದಲೇ ಹೇಳುತ್ತದೆ. ಅಥವಾ ಹ್ಯಾಂಡ್ಲರ್ ತನ್ನದೇ ಇಂಟರಪ್ಟನ್ನು ಡಿಸೇಬಲ್_ಐಆರ್‌ಕ್ಯೂ ಮಾಡಿರಬಹುದು. ಅದು ಹ್ಯಾಂಡ್ಲರ್ ಮುಗಿಯಲಿ ಎಂದು ಕಾಯುತ್ತದೆ, ಹ್ಯಾಂಡ್ಲರ್ ಅದಕ್ಕಾಗಿ ಕಾಯುತ್ತದೆ. ನೋಸಿಂಕ್ ರೂಪ ಇರುವುದು ಇದಕ್ಕೇ.

ಮಾಡ್ಯೂಲ್ ತೆಗೆಯುವಾಗ ಮಾತ್ರ ಊಪ್ಸ್ (ಕರ್ನಲ್ ಎಡವಿದ ವರದಿ) ಬಂದರೆ ಡೆವ್‌ಎಂ (ಸಾಧನ ಬಿಟ್ಟಾಗ ತಾನಾಗಿ ಬಿಡುಗಡೆ ಮಾಡುವ ವ್ಯವಸ್ಥೆ) ಬಳಕೆ ನೋಡಿ. ಡೆವ್‌ಎಂ ರೂಪದಲ್ಲಿ ಕೇಳಿದ ಇಂಟರಪ್ಟ್ ಬಿಡುಗಡೆಯಾಗುವುದು ರಿಮೂವ್ ಫಂಕ್ಷನ್ ಮುಗಿದ ಮೇಲೆ. ರಿಮೂವ್‌ನಲ್ಲಿ ನೀವು ಬಫರ್ ಅಳಿಸಿದ್ದರೆ, ವರ್ಕ್‌ಕ್ಯೂ ಕೆಡವಿದ್ದರೆ, ಆ ನಡುವಿನ ಹೊತ್ತಿನಲ್ಲಿ ಬಂದ ಇಂಟರಪ್ಟ್ ಇಲ್ಲದ ಜಾಗಕ್ಕೆ ಕೈ ಹಾಕುತ್ತದೆ. ಹ್ಯಾಂಡ್ಲರ್ ಮುಟ್ಟುವ ವಸ್ತುಗಳನ್ನೂ ಡೆವ್‌ಎಂನಲ್ಲೇ, ಇಂಟರಪ್ಟ್‌ಗಿಂತ ಮೊದಲು ಪಡೆಯಿರಿ. ಬಿಡುಗಡೆ ಹಿಮ್ಮುಖವಾಗಿ ನಡೆಯುವುದರಿಂದ ಇಂಟರಪ್ಟ್ ಮೊದಲು ಹೋಗುತ್ತದೆ. ಇದನ್ನು ಬೋರ್ಡಿಲ್ಲದೆ ಪರೀಕ್ಷಿಸಲು ಲಿನಕ್ಸ್ 5.17ರಲ್ಲಿ ಬಂದ ಜಿಪಿಐಒ-ಸಿಮ್ ಮಾಡ್ಯೂಲ್ ಇದೆ. ಸುಳ್ಳು ಪಿನ್ನಿನ ಪುಲ್ ಫೈಲಿಗೆ ಪುಲ್-ಅಪ್, ಪುಲ್-ಡೌನ್ ಎಂದು ಬರೆಯುತ್ತ ಇನ್ನೊಂದು ಟರ್ಮಿನಲ್‌ನಲ್ಲಿ ನಿಮ್ಮ ಡ್ರೈವರನ್ನು ಸಾಧನದಿಂದ ಬಿಡಿಸಿ ಮತ್ತೆ ಕಟ್ಟುತ್ತಿದ್ದರೆ ಸಾಕು. ಆದರೆ ಅದರ ಹಿಂದಿನ ಇಂಟರಪ್ಟ್ ಸಿಮ್ಯುಲೇಟರಿಗೆ ಗೊತ್ತಿರುವುದು ಎಡ್ಜ್ ಮಾತ್ರ, ಲೆವೆಲ್ ಕೇಳಿದರೆ -22 ಕೊಡುತ್ತದೆ. ಡಿವೈಸ್ ಟ್ರೀಯಲ್ಲಿ 8 ಬರೆದ ಡ್ರೈವರನ್ನು ನಿಜವಾದ ಚಿಪ್ ಮೇಲೆಯೇ ಓಡಿಸಿ ನೋಡಬೇಕು.